ಮರೆಯಲೇಬಾರದ ಡಬ್ಬಿ

ನನಗೆ ಮರೆವು ಎಂದು ಊರೆಲ್ಲ ಡಂಗುರ ಸಾರಿದವಳು ನನ್ನ ಧರ್ಮಪತ್ನಿ ಶಾಂತಾದೇವಿ. ಶುದ್ಧ ಸುಳ್ಳು. ಸಾವಿರದ ಒಂಬೈನೂರ ಅರವತ್ತೇಳರಲ್ಲಿ ಒಂದೇ ಒಂದು ಸಲ, ನಮ್ಮತ್ತೆ ಕಸ್ತೂರಮ್ಮನವರನ್ನು ಕರೆತರಲು ಚನ್ನಗಿರಿ ಬಸ್ ಸ್ಟ್ಯಾಂಡಿಗೆ ಹೋಗುವುದನ್ನು ಮರೆತಿದ್ದೆ. ಅವರು ಎರಡು ತಾಸು ಬಿಸಿಲಲ್ಲಿ ಕಾದು, ಸಿಕ್ಕ ಬಸ್ಸು ಹತ್ತಿ ಸವಳಂಗಕ್ಕೆ ವಾಪಸಾದರು. ಆಮೇಲೆ ಹನ್ನೊಂದು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. (ನನ್ನದು ಮರೆವಾದರೆ, ಅದನ್ನು ಹನ್ನೊಂದು ವರ್ಷ ನೆನಪಿಟ್ಟುಕೊಳ್ಳುವುದಕ್ಕೆ ಏನೆನ್ನಬೇಕು?)

ತಪ್ಪು ನನ್ನದಲ್ಲ, ನಮ್ಮ ಮನೆಯ ಚೀಟಿಗಳದು. ಶಾಂತಾ ಬರೆದ ಚೀಟಿ ಎಲ್ಲಿ ಬೇಕೋ ಅಲ್ಲೇ ಇರುತ್ತಿತ್ತು. ಚಟ್ನಿಪುಡಿಯ ಅಳತೆ ಚಟ್ನಿಪುಡಿ ಡಬ್ಬಿಯಲ್ಲಿ, ದರ್ಜಿಯ ಚೀಟಿ ಸೀರೆಯ ಮಡಿಕೆಯಲ್ಲಿ, ನನಗೆ ಹೇಳಬೇಕಾದದ್ದೆಲ್ಲ ನಾನು ಗಡ್ಡ ಹೆರೆಯುವ ಕನ್ನಡಿಯ ಸಂದಿಯಲ್ಲಿ. ತೀರಾ ಮುಖ್ಯವಾದದ್ದಕ್ಕೆ ಸೆರಗಿನಲ್ಲಿ ಗಂಟು. ಇದೂ ಒಂದು ವ್ಯವಸ್ಥೆಯೇ?

ಆರಾಮಕುರ್ಚಿಯಲ್ಲಿ ಕೂತು ಕನಸು ಕಾಣುವುದು ನನ್ನ ಹುಟ್ಟುಗುಣ. ಎಪ್ಪತ್ತೆಂಟರ ಆ ಬೇಸಿಗೆಯಲ್ಲಿ ಕಂಡದ್ದು ಅಂಗೈಯಗಲದ ಒಂದು ಗಾಜಿನ ಸ್ಲೇಟು. ಅದರೊಳಗೆ ಮನೆಯ ಚೀಟಿಗಳೆಲ್ಲ ಮೀನಿನ ಹಾಗೆ ತೇಲುತ್ತಿವೆ. "ಚಟ್ನಿಪುಡಿ" ಎಂದರೆ ಸಾಕು, ಆ ಚೀಟಿ ಮೆಲ್ಲಗೆ ಮೇಲೆದ್ದು ಬರುತ್ತದೆ! ಶಾಂತಾಳಿಗೆ ಕಣ್ಣರಳಿಸಿ ವರ್ಣಿಸಿದೆ.

"ಅಂಥದ್ದು ಮನ್ಯಾಗೆ ಐತಲ್ಲ," ಎಂದಳು. "ನೀವು ಕೂಗ್ತೀರಿ, ನಾನು ಬರ್ತೀನಿ."

ಗಾಜಿನ ಸ್ಲೇಟು ನಮ್ಮ ಪೇಟೆಯಲ್ಲಿ ಸಿಗದ ಕಾರಣ, ಚಪ್ಪಲಿ ಅಂಗಡಿಯ ಬಸವರಾಜಪ್ಪನಿಂದ ಇಪ್ಪತ್ತನಾಲ್ಕು ಖಾಲಿ ರಟ್ಟಿನ ಡಬ್ಬಿ ಹೊತ್ತು ತಂದೆ. ಮನೆಯ ಚೀಟಿಗಳನ್ನೆಲ್ಲ ಕಿತ್ತು ವಿಷಯವಾರು ತುಂಬಿದೆ. ಒಂದು ಚೀಟಿ ಎರಡು ಡಬ್ಬಿಗೆ ಸಲ್ಲುವಂತಿದ್ದರೆ? ಒಂದರಲ್ಲಿ ಚೀಟಿ, ಇನ್ನೊಂದರಲ್ಲಿ 'ಇಂಥ ಡಬ್ಬಿ ನೋಡಿ' ಎಂಬ ಸೂಚನೆ. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಮಂಗಳವಾರ ಶಾಂತಾ ಮನೆಯಲ್ಲಿಲ್ಲದಾಗ ಅತ್ತೆಯವರ ಕಾರ್ಡು ಬಂತು. ಭಾನುವಾರ ಬರುತ್ತಾರಂತೆ, ಇಂಥ ಬಸ್ಸಿಗೆ, ಅಳಿಯಂದಿರೇ ಬಸ್ ಸ್ಟ್ಯಾಂಡಿಗೆ ಬರಬೇಕಂತೆ. ಸಂಜೆ ಸುದ್ದಿ ಕೇಳಿ ಶಾಂತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಯಾವ ಬಸ್ಸಂತ್ರೀ?"

"ಡಬ್ಬ್ಯಾಗೆ ಐತೆ ಬಿಡು," ಎಂದೆ ಗಂಭೀರವಾಗಿ. ವ್ಯವಸ್ಥೆ ಇರುವಾಗ ತಲೆಗೇಕೆ ಭಾರ?

ಭಾನುವಾರ ಬೆಳಿಗ್ಗೆ 'ನೆಂಟರು' ತೆಗೆದೆ. ಒಳಗೆ 'ಬಸ್ಸು ಡಬ್ಬಿ ನೋಡಿ'. 'ಬಸ್ಸು' ತೆಗೆದೆ. 'ಕಾಗದಗಳ ಡಬ್ಬಿ ನೋಡಿ'. 'ಕಾಗದಗಳು' ತೆಗೆದರೆ, 'ನೆಂಟರು ಡಬ್ಬಿ ನೋಡಿ'! ಮೂರು ಪ್ರದಕ್ಷಿಣೆ ಹಾಕಿದೆ.

"ಈ ಸಲಾನೂ ನಮ್ಮವ್ವ ವಾಪಸ್ ಹೋದ್ರೆ, ಅವಳ ಹಿಂದೇನೇ ನಾನೂ ಬಸ್ ಹತ್ತೀನಿ, ನೋಡ್ತಿರ್ರಿ!" ಶಾಂತಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನೀವು ಹುಡುಕ್ರಿ. ನಾನು ಹೋಗಿ ಬಂದ ಬಂದ ಬಸ್ಸಿಗೆಲ್ಲ ನಿಲ್ತೀನಿ."

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ನಾನು ಹೆದರಿ, ಬೆವತು, ಮಧ್ಯಾಹ್ನದವರೆಗೂ ಹುಡುಕಿದೆ. ಒಂದು ಗಳಿಗೆ ಬೆನ್ನು ಚಾಚೋಣವೆಂದು ಕೈಗೆ ಸಿಕ್ಕ ಡಬ್ಬಿಯನ್ನು ತಲೆಗಿಟ್ಟುಕೊಂಡು ಮಲಗಿದೆ.

ಗಾಜಿನ ಸ್ಲೇಟು ತೇಲಿ ಬಂತು. ಒಳಗೆ ತಣ್ಣನೆಯ ನೀಲಿ ಬೆಳಕು. "ಅತ್ತೇ..." ಎಂದು ಮೆಲ್ಲಗೆ ಕರೆದೆ. ಆಳದಿಂದ ಒಂದು ಚೀಟಿ ಮೇಲೆದ್ದಿತು. ಹತ್ತಿರವಾದಂತೆ ಅದಕ್ಕೆ ಮೂಗುಬಟ್ಟು ಬಂತು, ಹಣೆಯಲ್ಲಿ ವಿಭೂತಿ ಮೂಡಿತು. ಆಹಾ, ಫಲಿಸಿತಲ್ಲ ನನ್ನ ಕನಸು!

"ಯಾವ ಬಸ್ಸಿಗೆ ಬರ್ತೀರಿ ಅತ್ತೆ?"

"ಒಂದೂವರೆ ಬಸ್ಸಿಗೆ ಬಂದೀನ್ರಿ," ಎಂದಿತು ಚೀಟಿ.

ಕಣ್ಣು ಬಿಟ್ಟೆ. ಎದುರಿಗೆ ಮಣೆಯ ಮೇಲೆ ಸಾಕ್ಷಾತ್ ಕಸ್ತೂರಮ್ಮನವರು! ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ಶಾಂತಾ. ದಡಬಡಿಸಿ ಎದ್ದು ಕೂತೆ.

"ಮಗಳು ಬಿಸಿಲಾಗೆ ನಿಂತಿದ್ಲು, ಅದಕ್ಕೇ ಬಂದೆ," ಎನ್ನುತ್ತ ಅತ್ತೆಯವರು ನನ್ನ ತಲೆಯಡಿ ಅಪ್ಪಚ್ಚಿಯಾಗಿದ್ದ ಡಬ್ಬಿಯನ್ನು ಎತ್ತಿಕೊಂಡು ಮುಚ್ಚಳ ತೆಗೆದರು. ಒಳಗೆ ಒಂದೇ ಒಂದು ಕಾರ್ಡು, ಅವರದೇ. ಮುಚ್ಚಳದ ಮೇಲೆ ನನ್ನ ದುಂಡನೆಯ ಅಕ್ಷರ: 'ಮರೆಯಲೇಬಾರದ ಸಂಗತಿಗಳು'. ಅಂಥದೊಂದು ಡಬ್ಬಿ ಮಾಡಿದ್ದೇ ನನಗೆ ಮರೆತುಹೋಗಿತ್ತು.

"ತಪ್ಪಾತು ಅತ್ತೆ," ಎಂದು ತೊದಲಿದೆ.

"ಯಾಕೆ ಎದ್ರಿ ಅಳಿಯಂದ್ರೆ? ಮಲಕ್ಕೊಳ್ರಿ," ಎಂದರು, ಅದೇ ಕಾರ್ಡಿನಿಂದ ಗಾಳಿ ಬೀಸಿಕೊಳ್ಳುತ್ತ. "ಹನ್ನೊಂದು ವರ್ಷ ಕಾದೀನಿ, ಇನ್ನೊಂದು ತಾಸು ಹೆಚ್ಚಾತೇ?"