ನಾನು ಹಾಯಿಕಂಬ ಎತ್ತಿ ಇಳಿಸಿದ್ದು

ಮೂಡಲಗಿ ಪೇಟೆಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ ಇಟ್ಟವನು ನಾನು. ಮಸಗುಪ್ಪಿಯಿಂದ ಅಂಕಲಗಿಯವರೆಗೆ ಯಾರ ಹೊಲದಲ್ಲಿ ಮೋಟಾರು ಸುಟ್ಟರೂ ನನಗೇ ಫೋನು. ಪಾತಾಳದಲ್ಲಿ ಕೂತ ಪೈಪನ್ನು ಚೈನು ಹಾಕಿ ಮೇಲಕ್ಕೆಳೆಯುವ ಈ ಕೈಗೆ, ದೋಣಿಯ ಮೇಲೆ ಮಲಗಿದ ಒಂದು ಅಲ್ಯೂಮಿನಿಯಂ ಕಂಬ ಯಾವ ಲೆಕ್ಕ ಎಂದು ನಾನು ತಿಳಿದಿದ್ದೆ. ಕಂಬ ಬೇರೆಯೇ ತಿಳಿದಿತ್ತು.

ದೋಣಿ ನನ್ನದಲ್ಲ. ನನ್ನ ಹೆಂಡತಿ ಮಹಾದೇವಿಯ ಅಣ್ಣ ಶಂಕರಣ್ಣ ನೌಕಾಪಡೆಯಿಂದ ನಿವೃತ್ತನಾಗಿ ಬರುವಾಗ ಟ್ರೇಲರ್ ಮೇಲೆ ಹೇರಿಕೊಂಡು ತಂದದ್ದು. ಸಣ್ಣದು, ಹಾಯಿ ಕಟ್ಟಿ ಓಡಿಸುವಂಥದ್ದು. ಯಮಕನಮರಡಿಯ ಅವರ ಮನೆಯಂಗಳಕ್ಕೆ ಅದು ಬಂದ ದಿನದಿಂದ ನಮ್ಮ ಅತ್ತೆ ಗೌರವ್ವನವರಿಗೆ ಒಂದೇ ಧ್ಯಾನ. ಅವರ ತವರೂರು ಹಿಡಕಲ್ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದೆ. ಊರಿದ್ದ ಜಾಗದ ಮೇಲೆ ಹೋಗಿ, ಖಣ, ಅಕ್ಕಿ, ಎಲೆ-ಅಡಿಕೆಯ ಉಡಿಯನ್ನು ತವರಿನ ಹೆಸರಲ್ಲಿ ನೀರಿಗೆ ಬಿಟ್ಟು ಬರಬೇಕು ಎಂಬುದು ಅವರ ಆಸೆ.

"ಕಣ್ಣಿನ ಬೆಳಕ ಹೊಂಟೇತಿ. ಈ ವರ್ಷ ಆದ್ರ ಆತು, ಇಲ್ಲಂದ್ರ ಇಲ್ಲ," ಎಂದರು ಅತ್ತೆ.

ಶಂಕರಣ್ಣ ಮೊಣಕಾಲಿನ ಆಪರೇಷನ್ನಿಗೆ ಬೆಳಗಾವಿಗೆ ಹೊರಟಿದ್ದ. "ನಾ ಬಂದ ಮ್ಯಾಲ ಹೋಗೂಣು. ಕಂಬಾ ಎತ್ತೂದು ಗೊತ್ತಿಲ್ದವರ ಕೆಲಸ ಅಲ್ಲ," ಎಂದ. ಕೊನೆಯ ಮಾತನ್ನು ನನ್ನ ಮುಖ ನೋಡಿಯೇ ಹೇಳಿದ. ಮನೆಯ ಅಳಿಯನಾದವನು ಇದನ್ನು ಹೇಗೆ ನುಂಗಬೇಕು? ಆತನ ಗಾಡಿ ಊರು ದಾಟುವ ಮೊದಲೇ ನಾನು ಅತ್ತೆಗೆ ಮಾತು ಕೊಟ್ಟುಬಿಟ್ಟೆ.

ಮಾಘದ ಒಂದು ಮುಂಜಾನೆ ನನ್ನ ಪಿಕಪ್ಪಿಗೆ ಟ್ರೇಲರ್ ಸಿಕ್ಕಿಸಿ ಅತ್ತೆ, ಮಹಾದೇವಿ, ನಾನು ಮೂವರೂ ಹೊರಟೆವು. ಹಿನ್ನೀರಿನ ದಂಡೆಗೆ ಇಳಿದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ನೀರು ಎಲ್ಲಿ ಶುರುವಾಗುತ್ತದೆ ಎಂಬುದು ಟ್ರೇಲರ್ ಚಕ್ರ ಒದ್ದೆಯಾದ ಮೇಲೇ ಗೊತ್ತಾಯಿತು. ಹಕ್ಕಿಯ ಸದ್ದಿಲ್ಲ, ಎಮ್ಮೆಯ ಸದ್ದಿಲ್ಲ. ನಾವು ಆಡಿದ ಮಾತು ಎರಡು ಮಾರು ಹೋಗಿ ಅಲ್ಲೇ ನಿಲ್ಲುತ್ತಿತ್ತು. ಯಾರೋ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಒಂದೇ ಸಮನೆ ಅನ್ನಿಸುತ್ತಿತ್ತು. ಹೆದರಿಕೆ ಮರೆಯಲು ಕೆಲಸಕ್ಕೆ ಕೈ ಹಾಕಿದೆ.

ಕ್ರಮ ಸರಳವಾಗಿತ್ತು. ದೋಣಿಯ ಮಧ್ಯದಲ್ಲಿ ಒಂದು ಕೀಲಿದೆ. ಕಂಬದ ಬುಡವನ್ನು ಅದಕ್ಕೆ ಸೇರಿಸಿ ಪಿನ್ನು ಹಾಕಬೇಕು. ಒಬ್ಬರು ದೋಣಿಯ ಮೇಲೆ ನಿಂತು ಹಿಂದಿನಿಂದ ಕಂಬವನ್ನು ಹೆಗಲ ಮೇಲೆ ಎತ್ತುತ್ತ ಮುಂದೆ ನಡೆಯಬೇಕು, ಇನ್ನೊಬ್ಬರು ಮುಂದಿನಿಂದ ಹಗ್ಗ ಎಳೆಯಬೇಕು. ಎಡಬಲದ ತಂತಿಗಳು ಕಂಬವನ್ನು ವಾಲದಂತೆ ಹಿಡಿಯುತ್ತವೆ.

ಮೊದಲ ಸಲ ಕಂಬ ಅರ್ಧಕ್ಕೇ ನಿಂತಿತು. ಮಹಾದೇವಿ ಜಗ್ಗಿದಳು, ನಾನು ನೂಕಿದೆ, ಟ್ರೇಲರೇ ಅಲುಗಾಡಿತು. ನೋಡಿದರೆ ಎಡಗಡೆಯ ತಂತಿ ಚಕ್ರದ ಮಡ್‌ಗಾರ್ಡಿಗೆ ಸುತ್ತಿಕೊಂಡಿತ್ತು.

"ನಿಮಗ ಇದು ಖರೇನ ಬರತೈತೇನ್ರಿ?" ಎಂದಳು ಮಹಾದೇವಿ.

"ಬರೂದು ಬ್ಯಾರೆ, ತಂತಿ ಸಿಗಬಿದ್ದದ್ದು ಬ್ಯಾರೆ," ಎಂದು ಗಾಂಭೀರ್ಯದಿಂದ ನುಡಿದೆ.

ಎರಡನೆಯ ಸಲ ಬುಡಕ್ಕೆ ಪಿನ್ನು ಹಾಕುವುದನ್ನೇ ಮರೆತಿದ್ದೆ. ಕಂಬ ಕೀಲಿನಿಂದ ಜಿಗಿದು ನನ್ನ ಪಾದದ ಮೇಲೆ ವಿರಾಜಮಾನವಾಯಿತು. ಮೂರನೆಯ ಸಲ, ದೇವರ ದಯೆ, ನೆಟ್ಟಗೆ ನಿಂತಿತು. ಅದರ ತುದಿ ಮಂಜಿನೊಳಗೆ ಕಾಣದಂತೆ ಹೋಯಿತು. ಅತ್ತೆ ತಡಮಾಡಲಿಲ್ಲ. ಕಂಬದ ಬುಡಕ್ಕೆ ಅರಿಷಿಣ ಕುಂಕುಮ ಹಚ್ಚಿ ಟಪ್ಪೆಂದು ಕಾಯಿ ಒಡೆದೇಬಿಟ್ಟರು. ಹೊಸ ಮೋಟಾರಿಗೂ ಕಾಯಿ ಒಡೆಯದೆ ಸ್ವಿಚ್ ಒತ್ತದ ಮಂದಿ ನಾವು.

ಆಮೇಲೆ ನನಗೆ ಹೊಳೆಯಿತು. ಹಾಯಿ ಏರಿಸುವ ಹಗ್ಗದ ಒಂದು ತುದಿ ನನ್ನ ಕೈಯಲ್ಲಿತ್ತು. ಹಾಯಿಗೆ ಸಿಕ್ಕಿಸಬೇಕಾದ ಇನ್ನೊಂದು ತುದಿ, ಕಬ್ಬಿಣದ ಕೊಂಡಿ ಸಮೇತ, ಕಂಬದ ನೆತ್ತಿಗೆ ಹೋಗಿ ಜೋತಾಡುತ್ತಿತ್ತು. ಕಂಬ ಮಲಗಿಸದೆ ಅದು ಕೈಗೆ ಸಿಗುವಂತಿಲ್ಲ.

"ಅತ್ತಿ, ಒಂದ ಗಳಿಗಿ ಇಳಸೂಣ್ರಿ," ಎಂದೆ.

"ಕಾಯಿ ಒಡದ ಕಂಬಾ ಇಳಸ್ತೀರಿ? ಎತ್ತಿದ ನಂದಿಕೋಲ ಹಾದ್ಯಾಗ ಮಲಗಸ್ತಾರೇನ್ರಿ ಅಳಿಯಂದ್ರ? ಮನಿ ಮುಟ್ಟಿದ ಮ್ಯಾಲನ ಇಳಸೂದು."

ಹರೆಯದಲ್ಲಿ ನಾನೇ ಸೊಂಟಕ್ಕೆ ಪಟ್ಟಿ ಬಿಗಿದು ಓಣಿ ಓಣಿ ನಂದಿಕೋಲು ಹೊತ್ತವನು. ಬೆನ್ನು ಮುರಿದರೂ ನಡುವೆ ಅದನ್ನು ನೆಲಕ್ಕೆ ಮಲಗಿಸಿದವರಿಲ್ಲ. ಹಾಯಿ ಇಲ್ಲದ ಹಾಯಿದೋಣಿಯನ್ನು ನೀರಿಗೆ ನೂಕುವುದು ಹೇಗೆಂದು ನಾನೂ ಮಹಾದೇವಿಯೂ ಜಗಳಕ್ಕೆ ಬಿದ್ದೆವು.

ಆಗ ಕೇಳಿಸಿತು. ಟಣ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಣ್.

"ರೀ," ಎಂದಳು ಮಹಾದೇವಿ ನನ್ನ ತೋಳು ಹಿಡಿದು, "ಗುಡಿ ಗಂಟಿ."

"ನಮ್ಮ ಊರ ಗುಡೀದು," ಎಂದರು ಅತ್ತೆ ಸಮಾಧಾನದಿಂದ.

"ನೀರಾಗಿನ ಗಂಟಿ ಹೆಂಗ ಬಾರಸ್ತೈತಿ? ವಿಜ್ಞಾನ ಒಪ್ಪಂಗಿಲ್ಲ," ಎಂದೆ. ವಿಜ್ಞಾನದ ಪರವಾಗಿ ನನ್ನ ಹಲ್ಲುಗಳು ಕಟಕಟ ಅನ್ನುತ್ತಿದ್ದವು. ಸದ್ದು ನೀರಿನ ಕಡೆಯಿಂದ ಬಂದಂತೆ, ಬೆನ್ನ ಹಿಂದಿನಿಂದ ಬಂದಂತೆ, ಎಲ್ಲ ಕಡೆಯಿಂದಲೂ ಬಂದಂತೆ ಇತ್ತು. ನಾವಿಬ್ಬರೂ ನೀರಿನ ಕಡೆಗೇ ಕಣ್ಣು ನೆಟ್ಟು ನಿಂತೆವು. ತಿರುಗಿ ನೋಡಿದರೆ ಅತ್ತೆ ಇಲ್ಲ.

ಅವರ ಚಪ್ಪಲಿಗಳು ಟ್ರೇಲರ್ ಬಾಜೂಕ್ಕೆ ಜೋಡಿಯಾಗಿ ಇದ್ದವು, ಯಾರದೋ ಮನೆಯ ಒಳಗೆ ಹೋಗುವಾಗ ಬಿಟ್ಟಂತೆ.

"ಯವ್ವಾ!" ಎಂದು ಮಹಾದೇವಿ ಕೂಗಿದಳು. ಉತ್ತರ ಬರಲಿಲ್ಲ. ನಾನು ಹುಡುಕಲು ಓಡಿದೆ. ಸ್ವಲ್ಪ ದೂರಕ್ಕೇ ದೋಣಿ ಮಾಯ, ಹೆಂಡತಿ ಮಾಯ, ನನ್ನ ಕಾಲುಗಳೂ ಮಂಜಿನಲ್ಲಿ ಮಾಯ. ದಿಕ್ಕು ತಪ್ಪಿ, ಗತಿಯಿಲ್ಲದೆ ಆ ಗಂಟೆಯ ಸದ್ದು ಹಿಡಿದೇ ನಡೆದೆ. ಅದು ನನ್ನನ್ನು ನೇರವಾಗಿ ನಮ್ಮ ದೋಣಿಗೇ ತಂದು ಬಿಟ್ಟಿತು. ಕಂಬಕ್ಕೆ ಕಿವಿ ಹಚ್ಚಿದೆ. ಮೇಲೆ ಮಂಜಿನೊಳಗೆ ನಾನು ಮರೆತ ಆ ಕೊಂಡಿ ಗಾಳಿಗೆ ತೂಗಿ ಪೊಳ್ಳು ಕಂಬಕ್ಕೆ ಬಡಿಯುತ್ತಿತ್ತು.

ನಗು ಬರುವಷ್ಟರಲ್ಲಿ ಗಾಳಿ ನಿಂತಿತು. ಗಂಟೆಯೂ ನಿಂತಿತು. ಆ ನಿಶ್ಶಬ್ದ ಗಂಟೆಗಿಂತ ಭಯಂಕರವಾಗಿತ್ತು.

"ಅಕಿಗೆ ಹಾದಿ ಹೆಂಗ ತಿಳೀಬೇಕು? ಬಾರಸ್ರಿ," ಎಂದಳು ಮಹಾದೇವಿ ಅಳುತ್ತ.

ನಾನು ಹಗ್ಗ ಹಿಡಿದು ಅಲುಗಾಡಿಸತೊಡಗಿದೆ. ಟಣ್, ಟಣ್, ಟಣ್. ಎಷ್ಟು ಹೊತ್ತು ಬಾರಿಸಿದೆನೋ, ಅಂಗೈ ಸುಲಿಯಿತು. ಭಾವನ ಮೇಲಿನ ಹಟಕ್ಕೆ ಮುದುಕಿಯನ್ನು ನೀರುಪಾಲು ಮಾಡಿದೆನಲ್ಲ ಎಂದು ನನಗೆ ಖರೆಯಾಗಿ ಅಳು ಬಂತು. ಮಂಜಿನಲ್ಲಿ ಏನೋ ಅಲುಗಾಡಿದಂತಾಯಿತು. ಮೊದಲು ಕೆಸರು ಮೆತ್ತಿದ ಎರಡು ಪಾದ ಕಂಡವು. ಆಮೇಲೆ ಸೀರೆಯ ಅಂಚು, ಆಮೇಲೆ ಅತ್ತೆ. ಅವರ ಉಡಿ ಖಾಲಿಯಾಗಿತ್ತು.

"ನೀರ ಹಿಂದ ಸರದೈತ್ಯವ್ವಾ," ಎಂದರು ಮಗಳಿಗೆ. "ಓಣಿ ಹಾಸಗಲ್ಲ ಕಾಲಿಗೆ ಹತ್ತಿದ್ವು. ಹಂಗ ಹ್ವಾದ್ನಿ. ಗ್ವಾಡಿ ಇಲ್ಲ, ಹೊಸ್ತಿಲಾ ಐತಿ. ಅದರ ಮ್ಯಾಲ ಇಟ್ಟ ಬಂದ್ನಿ."

ಮಹಾದೇವಿ ತಾಯಿಯನ್ನು ತಬ್ಬಿಕೊಂಡು ನಿಂತಳು. ನಾನು ಇನ್ನೂ ಹಗ್ಗ ಅಲುಗಾಡಿಸುತ್ತಲೇ ಇದ್ದೆ.

"ತಿರುಗಿ ಬರಾಕ ಗಂಟಿ ಸದ್ದ ಹಿಡದ ಬಂದ್ನಿ. ಮೊದಲ ಚಲೋ ಬಾರಸಾಕತ್ತಿತ್ತು. ಆಮ್ಯಾಲ ಯಾರ ಹಿಡದ್ರೋ ಏನೋ, ತಾಳನ ಇರಲಿಲ್ಲ," ಎಂದರು ನನ್ನ ಕೈಯಲ್ಲಿದ್ದ ಹಗ್ಗವನ್ನು ನೋಡುತ್ತ. ಆಮೇಲೆ ಕಂಬಕ್ಕೆ ಕೈ ಮುಗಿದರು. "ನಾ ಮನಿ ಮುಟ್ಟಿದ್ನಿ. ಈಗ ಇಳಸ್ರಿ."

ಇಳಿಸುವುದು ಎತ್ತುವುದಕ್ಕಿಂತ ಸುಲಭ ಎಂಬುದು ನನ್ನ ಆ ದಿನದ ಕೊನೆಯ ನಂಬಿಕೆ. ಮಹಾದೇವಿ ಮುಂದೆ ನಿಂತು ಹಗ್ಗ ಸಡಿಲಿಸಬೇಕು. ನಾನು ದೋಣಿಯ ಮೇಲೆ ನಿಂತು, ವಾಲುವ ಕಂಬವನ್ನು ಅಂಗೈ ಮೇಲೆ ಹೊತ್ತು, ಒಂದೊಂದೇ ಹೆಜ್ಜೆ ಹಿಂದಕ್ಕೆ ನಡೆಯಬೇಕು. ಹೊಲದಲ್ಲಿ ಪೈಪು ಹಿಡಿದು ಹಿಂದಕ್ಕೆ ನಡೆದರೆ ಎಷ್ಟು ನಡೆದರೂ ಹೊಲವಿರುತ್ತದೆ. ಕಣ್ಣು ಕಂಬದ ಮೇಲಿಟ್ಟು ಅದೇ ಭರವಸೆಯಿಂದ ನಡೆದೆ. ಕಂಬ ಅಚ್ಚುಕಟ್ಟಾಗಿ ತನ್ನ ಜಾಗದಲ್ಲಿ ಮಲಗಿತು. ಅಷ್ಟರಲ್ಲಿ ದೋಣಿ ಮುಗಿದಿತ್ತು.

ಸೊಂಟದವರೆಗಿನ ಕೆಸರುನೀರಿನಲ್ಲಿ ಕೂತು ನಾನು ಕಣ್ಣು ಒರೆಸಿಕೊಳ್ಳುವಾಗ, ದಂಡೆಯ ಮೇಲೆ ಮಹಾದೇವಿಯ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಿಂದ ಶಂಕರಣ್ಣ; ಅಂಗಳದಲ್ಲಿ ದೋಣಿಯಿಲ್ಲದ ಸುದ್ದಿ ಆತನಿಗೆ ಹೇಗೋ ಮುಟ್ಟಿತ್ತು. ಸ್ಪೀಕರಿನಲ್ಲಿ ಆತನ ದನಿ ಮಂಜನ್ನೆಲ್ಲ ಸೀಳಿಕೊಂಡು ಬಂತು. "ಯವ್ವಾ, ದೋಣಿ ನೀರಿಗೆ ಇಳಸಿದ್ರೇನ?"

"ದೋಣಿ ಇಳೀಲಿಲ್ಲಪಾ," ಎಂದರು ಅತ್ತೆ. "ಅಳಿಯಂದ್ರಷ್ಟ ಇಳದಾರ."