ಶ್ರಾವಣಕ್ಕೆ ಹೋದ ಬಾಡೂಟ

ಸೊಸೆಯ ಮೇಲೆ ಹೇಳಲು ಒಂದು ದೂರೂ ಇಲ್ಲದೆ ಆತಗೂರಿನ ಅತ್ತೆಯರ ನಡುವೆ ಮರಿತಾಯಮ್ಮನ ಮಾನ ಹೋಗಿತ್ತು. ಸೊಸೆ ದೀಪಿಕ ಮದ್ದೂರಿಗೆ ಹೋಗಿ ವೆಬ್ ಪುಟ ಮಾಡುವುದನ್ನು ಕಲಿಯತೊಡಗಿದ ಮೇಲಂತೂ ಹೊಗಳುವುದೊಂದೇ ಕೆಲಸ.

ಗೃಹಪ್ರವೇಶಕ್ಕೆ ಸಿಹಿಯೂಟ ಆಗಿತ್ತು. ನೆಂಟರಿಗೆ ಬಾಡೂಟ ಬಾಕಿ. ಶ್ರಾವಣ ಹಿಡಿದರೆ ಬಾಡು ಮುಟ್ಟುವಂತಿಲ್ಲ, ಆದ್ದರಿಂದ ಜುಲೈ ಹದಿಮೂರು ನಿಗದಿಯಾಯಿತು.

"ಕಾರ್ಡು ಯಾಕತ್ತೆ? ನಾನೇ ಪುಟ ಮಾಡಿ ಎಲ್ರ ಫೋನಿಗೂ ಕಳಿಸ್ತೀನಿ" ಎಂದಳು ದೀಪಿಕ. ಮರಿತಾಯಮ್ಮ ಪುಟ ನೋಡಿ (ತಾರೀಖನ್ನಲ್ಲ, ಕುರಿಯ ಚಿತ್ರವನ್ನು) "ಕಳುಸವ್ವ" ಎಂದು ರಾಜಾಜ್ಞೆ ಕೊಟ್ಟಳು.

ಒಲೆ ಮೇಲಿನ ಕೋಳಿ ಸಾರು ಕುದಿ ಬರುವಷ್ಟರಲ್ಲಿ ಕಿರುಗಾವಲಿನಿಂದ ಮಗಳ ಅತ್ತೆ ಯಶೋದಮ್ಮನ ಫೋನು.

"ಏನ್ ಬೀಗಿತ್ತೀ, ಆಗಸ್ಟ್ ಹದಿಮೂರಂತೆ? ಸ್ರಾವಣದಲ್ಲಿ ಮರಿ ಕಡೀತೀರಾ? ನಿಮ್ ಸೊಸೆಗೆ ತಿಂಗಳು ಎಣಿಸಾಕೂ ಬರಾಕಿಲ್ವಾ?"

ಈ ಹೆಂಗಸಿನ ಮುಂದೆ ಸೊಸೆಯನ್ನು ಬಿಟ್ಟುಕೊಡುವುದೇ? "ನಮ್ ದೀಪಿಕ ಬರೆದದ್ದೇ ಸರಿ ಕಣಮ್ಮ. ಅದು ಪಾಯಸದೂಟ. ನಾನು ಬಾಡು ಬುಟ್ಬುಟ್ಟೆ!"

"ಮತ್ತೆ ಕುರಿ ಚಿತ್ರ?"

"ಅದು ಅಂದಕ್ಕೆ!"

ಫೋನಿಟ್ಟ ಮೇಲೆ ದೀಪಿಕ ತಲೆ ಮೇಲೆ ಕೈ ಹೊತ್ತಳು. "ನನ್ನದೇ ತಪ್ಪತ್ತೆ. ಕಂಪ್ಯೂಟರು ಜನವರಿನ ಸೊನ್ನೆ ಅಂತ ಎಣಿಸುತ್ತೆ. ಜುಲೈಗೆ ಆರು ಹಾಕ್ಬೇಕಿತ್ತು, ಏಳು ಹಾಕ್ಬುಟ್ಟೆ. ಅದು ಆಗಸ್ಟ್ ಮಾಡ್ಕೊಂಡದೆ."

"ಜನವರಿನೇ ಸೊನ್ನೆ ಅನ್ನೋ ಪೆದ್ದು ಯಂತ್ರದ ಕೈಲಿ ಇಷ್ಟು ಕೆಲಸ ತೆಗೆದಿದ್ದೀಯಲ್ಲ, ನನ್ನವ್ವ!" ಎಂದು ಅತ್ತೆ ದೃಷ್ಟಿ ನಿವಾಳಿಸಿದಳು. ದೀಪಿಕ ಏಳು ಅಳಿಸಿ ಆರು ಹಾಕಿದಳು. ಪುಟ ತೆರೆದವರಿಗೆಲ್ಲ ಜುಲೈ ಹದಿಮೂರೇ ಕಂಡಿತು.

ಹದಿಮೂರರಂದು ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ನೆಂಟರಿಗೆಲ್ಲ ಬಡಿಸಿ, ಬಾಯಲ್ಲಿ ನೀರೂರಿಸಿಕೊಂಡು, ಕಡೇ ಪಂಕ್ತಿಯಲ್ಲಿ ಮರಿತಾಯಮ್ಮ ಯಶೋದಮ್ಮನ ಪಕ್ಕ ಎಲೆ ಮುಂದೆ ಕೂತಳು. ಸಾರಿನ ಸೌಟು ಅವಳ ಎಲೆಗೆ ಬಾಗಿತು.

"ಏಯ್, ನಿಲ್ಸಪ್ಪ! ಬೀಗಿತ್ತಿ ಬಾಡು ಬುಟ್ಟವ್ರೆ. ಅವ್ರಿಗೇ ಅಂತ ಪಾಯಸ ಮಾಡ್ಕೊಂಡು ಬಂದಿವ್ನಿ" ಎಂದು ಯಶೋದಮ್ಮ ಡಬ್ಬಿ ತೆಗೆದಳು. "ಅಲ್ವಾ ಬೀಗಿತ್ತೀ?"

ಅಲ್ಲ ಎಂದರೆ ಸೊಸೆಯ ತಪ್ಪು ಪಂಕ್ತಿಯಲ್ಲಿ ಬಯಲಾಗುತ್ತದೆ. ಮರಿತಾಯಮ್ಮ ಕತ್ತು ನೆಟ್ಟಗೆ ಮಾಡಿ, "ಊಂ ಕಣಮ್ಮ, ಬುಟ್ಟಿವ್ನಿ" ಎಂದಳು.

ಯಶೋದಮ್ಮ ನಲ್ಲಿಮೂಳೆ ಚೀಪುತ್ತಾ, "ಏನೇ ಅನ್ನಿ, ಪುಟ ಬಲು ಚೆಂದಾಗದೆ. ನಿಮ್ ಸೊಸೆ ಜಾಣೆ" ಎಂದಳು.

ಈ ಬಾಯಿಂದ ಈ ಮಾತು! ಮರಿತಾಯಮ್ಮನ ಕಣ್ಣು ತುಂಬಿತು. ಹೆಮ್ಮೆಗೋ, ಪಕ್ಕದೆಲೆಯ ಘಮಕ್ಕೋ, ಅವಳಿಗೇ ಗೊತ್ತಾಗಲಿಲ್ಲ.

"ಪಾಯಸ ಅಷ್ಟು ಹಿಡಿಸ್ತಾ?" ಎಂದ ಯಶೋದಮ್ಮ, ಡಬ್ಬಿಯನ್ನು ಪೂರ್ತಿ ಅವಳ ಎಲೆಗೆ ಬಗ್ಗಿಸಿದಳು.