ಬೈಯುವುದಕ್ಕೊಂದು ಹೆಸರು

ಈಚೆಗೆ ನನಗೆ ಯಾರ ಹತ್ತಿರವಾದರೂ ಚೆನ್ನಾಗಿ ಬೈಸಿಕೊಳ್ಳಬೇಕು ಎಂಬ ಆಸೆ ಹುಟ್ಟಿದೆ. ಮಗಳನ್ನು ಮದುವೆ ಮಾಡಿಕೊಟ್ಟು ಅತ್ತೆಯ ಪದವಿಗೆ ಏರಿದ ಹೆಂಗಸಿಗೆ ಇಂಥ ಆಸೆ ಬರಬಾರದು, ಬಂದರೂ ಹೊರಗೆ ಹೇಳಬಾರದು. ಆದರೆ ಸಿಂಗಪುರದಲ್ಲಿ ಬೈಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಇಲ್ಲಿ ಬಹಳ ಕಾಲ ಇದ್ದವರಿಗೇ ಗೊತ್ತು. ಬಸ್ಸಿನಲ್ಲಿ ಯಾರ ಕಾಲನ್ನಾದರೂ ತುಳಿದರೆ ಅವರೇ ಸಾರಿ ಅನ್ನುತ್ತಾರೆ. ತಪ್ಪು ಮಾಡಿದರೆ ದಂಡ ಬೀಳುತ್ತದೆ, ಬೈಗುಳ ಬೀಳುವುದಿಲ್ಲ. ಆಫೀಸಿನಲ್ಲಿ ನಾನು ‘ಬಾಗ್ಸ್’, ಲಿಫ್ಟಿನಲ್ಲಿ ಸಿಗುವ ಮಕ್ಕಳಿಗೆ ಆಂಟಿ, ನಮ್ಮ ಮನೆಯವರಿಗೆ ‘ಇವಳೇ’. ಹೀಗೇ ಕಾಲ ಹೋಗುತ್ತಿತ್ತು. ಆಸೆಯನ್ನು ಹಚ್ಚಿದವರು ಬಿಶಾನ್ ಬಡಾವಣೆಯ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಗೆ ಬಂದ ರಷ್ಯಾದ ಪಿಯಾನೋ ಟೀಚರ್.

ಅವರ ಹೆಸರು ಲ್ಯುದ್ಮಿಲಾ ಸೆರ್ಗೆಯೆವ್ನಾ. ಎರಡನೆಯದು ಮನೆತನದ ಹೆಸರಿರಬೇಕು ಎಂದುಕೊಂಡು ಮೊದಲ ದಿನ ನಾನು ‘ಮಿಸೆಸ್ ಸೆರ್ಗೆಯೆವ್ನಾ’ ಎಂದೆ. ಅವರು ನಕ್ಕರು. ಅದು ಅವರ ಅಪ್ಪನ ಹೆಸರಂತೆ, ಸೆರ್ಗೆಯ್ ಎಂಬವರ ಮಗಳು ಅಂತ ಅರ್ಥ. ಅವರ ಕಡೆ ಯಾರನ್ನಾದರೂ ಮರ್ಯಾದೆ ಕೊಟ್ಟು ಕರೆಯಬೇಕಾದರೆ ಹೆಸರಿನ ಜೊತೆಗೆ ಅಪ್ಪನನ್ನೂ ಕರೆಯಬೇಕಂತೆ. “ನಿಮ್ಮ ತಂದೆಯ ಹೆಸರೇನು?” ಎಂದು ಕೇಳಿದರು. ಸಂಜೀವ ಎಂದೆ. “ಹಾಗಾದರೆ ನೀವು ಭಾಗೀರಥಿ ಸಂಜೀವೊವ್ನಾ” ಎಂದು ಗಂಭೀರವಾಗಿ ಕೈಕುಲುಕಿದರು. ನನ್ನ ಅಪ್ಪ ಉಡುಪಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು, ಮಂಗಳೂರಿನಿಂದ ಆಚೆಗೆ ಹೋದವರೇ ಅಲ್ಲ. ತೀರಿಕೊಂಡು ಎಷ್ಟೋ ಕಾಲದ ಮೇಲೆ ಅವರು ಹೀಗೆ ಸಿಂಗಪುರದ ಲಿಫ್ಟಿನ ಎದುರು, ಬೆನ್ನಿಗೊಂದು ‘ಒವ್ನಾ’ ಕಟ್ಟಿಕೊಂಡು ಬಂದು ನಿಂತ ಹಾಗಾಯಿತು. ಮನೆಗೆ ಬಂದು ಸುಮ್ಮನೆ ಕೂತು ಈರುಳ್ಳಿ ಹೆಚ್ಚಿದೆ. ಅವತ್ತಿನ ಅಡುಗೆಗೆ ಈರುಳ್ಳಿ ಬೇಕಿರಲಿಲ್ಲ.

ಆಮೇಲೆ ಇಬ್ಬರೂ ಸಂಜೆ ಪಾರ್ಕಿನಲ್ಲಿ ನಡೆಯಲು ಶುರು ಮಾಡಿದೆವು. ಹೆಸರುಗಳ ವಿಷಯಕ್ಕೆ ಬಂದರೆ ಅವರಿಗೆ ಮೊಣಕಾಲು ನೋವೂ ಮರೆತುಹೋಗುತ್ತಿತ್ತು. ಸ್ವೆತ್ಲಾನಾ ಎಂದರೆ ಬೆಳಕಂತೆ, ನಮ್ಮ ಜ್ಯೋತಿ. ನದೇಜ್ದಾ ಎಂದರೆ ನಮ್ಮ ಆಶಾ. ಲ್ಯುದ್ಮಿಲಾ ಎಂದರೆ ಜನಕ್ಕೆ ಪ್ರಿಯಳಾದವಳು. ನಮ್ಮಲ್ಲಾದರೆ ಈ ಜನಪ್ರಿಯವನ್ನು ಬಸ್ಸಿಗೆ ಇಡುತ್ತಾರೆ ಎಂದು ನಾನು ಹೇಳಲಿಲ್ಲ. ಆ ಒಂದು ಹೆಸರಿಗೆ ಮರಿಗಳು ಎಷ್ಟು ಅಂತೀರಿ. ನೆರೆಹೊರೆಯವರಿಗೆ ಅವರು ಲ್ಯುದಾ, ಗೆಳತಿಯರಿಗೆ ಲ್ಯೂಸ್ಯಾ, ಅಮ್ಮನಿಗೆ ಮುದ್ದು ಬಂದಾಗ ಲ್ಯುದೊಚ್ಕಾ, ಜಗಳ ಆಡುವ ತಮ್ಮನಿಗೆ ಲ್ಯುದ್ಕಾ. “ಅಮ್ಮ ಪೂರ್ತಿ ಹೆಸರು ಕೂಗಿದರೆ ನಾನು ಮಂಚದ ಅಡಿಗೆ ಹೋಗುತ್ತಿದ್ದೆ. ಪೂರ್ತಿ ಹೆಸರು ಬಂತೆಂದರೆ ಹಿಂದೆಯೇ ಏಟೂ ಬರುತ್ತದೆ ಅಂತ ಅರ್ಥ” ಎಂದರು.

ನಮ್ಮಲ್ಲಿ ಅದು ಪೂರ್ತಿ ಉಲ್ಟಾ ಎಂದೆ. ಭಾಗೀರಥಿ ಎಂಬುದು ನನ್ನ ಅಜ್ಜಿಯ ಹೆಸರು, ಅಂದರೆ ಅಮ್ಮನ ಅತ್ತೆಯದು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳುವ ಹಾಗಿರಲಿಲ್ಲ. ಇನ್ನು ಬೈಯುವುದು ಹೇಗೆ? “ಭಾಗೀರಥಿ, ಮೂಗು ಒರೆಸಿಕೊ” ಎಂದು ಅಮ್ಮ ಅಡುಗೆಮನೆಯಿಂದ ಕೂಗಿದರೆ ಜಗಲಿಯಲ್ಲಿ ಕೂತ ಅಜ್ಜಿ ತನ್ನ ಮೂಗು ಮುಟ್ಟಿ ನೋಡಿಕೊಂಡಾಳು. ಹಾಗಾಗಿ ಬೈಯುವುದಕ್ಕೆಂದೇ ನನಗೊಂದು ಹೆಸರು ಹುಟ್ಟಿತು. ಬೊಬ್ಬಿ. ತೊಟ್ಟಿಲಲ್ಲಿ ಸದಾ ಬೊಬ್ಬೆ ಹೊಡೆಯುತ್ತಿದ್ದವಳು ಎಂದಷ್ಟೇ ಅರ್ಥ, ಅದರಲ್ಲಿ ಬೇರೆ ಯಾವ ತತ್ತ್ವವೂ ಇಲ್ಲ. ಭಾಗೀರಥಿ ಶಾಲೆಯ ಹಾಜರಿಗೆ, ಪೂಜೆಯ ಸಂಕಲ್ಪಕ್ಕೆ. ಹಾಲು ಉಕ್ಕಿಸಿದವಳು, ಲಂಗ ಹರಿದುಕೊಂಡವಳು, ಅಪ್ಪನ ಮೇಜಿನಿಂದ ಗಡಿಯಾರದ ಮುಳ್ಳು ಕದ್ದವಳು ಎಲ್ಲ ಬೊಬ್ಬಿ.

ಲ್ಯುದ್ಮಿಲಾ ಅವರಿಗೆ ಇದು ಎಷ್ಟು ಹಿಡಿಸಿತೆಂದರೆ ಪಾರ್ಕಿನ ಕೆರೆಯ ಸುತ್ತು ಮುಗಿಯುವುದರೊಳಗೆ ನಾನು ಬೊಬ್ಬಿಚ್ಕಾ ಆದೆ, ಬೊಬ್ಬೆಂಕಾ ಆದೆ. ಆ ಹೆಸರು ಕಿವಿಗೆ ಬಿದ್ದು ಯಾವ ಕಾಲವಾಗಿತ್ತೋ, ಎದೆ ಝಲ್ಲೆನ್ನಬಹುದು ಎಂದು ಕಾದೆ. ಏನೂ ಆಗಲಿಲ್ಲ. ಮಗುವಿಗೆ ಜೋಗುಳ ಹಾಡಿದ ಹಾಗೆ ಅವರು ಅದನ್ನು ಮೆತ್ತಗೆ ಹೇಳುತ್ತಿದ್ದರು, ನನಗೆ ಉಪ್ಪಿಲ್ಲದ ಗಂಜಿ ಉಂಡ ಹಾಗಿತ್ತು. “ಸ್ವಲ್ಪ ಸಿಟ್ಟಿನಲ್ಲಿ ಹೇಳಿ” ಎಂದೆ. “ಸಿಟ್ಟು ಬಂದರೆ ನಾನು ಭಾಗೀರಥಿ ಸಂಜೀವೊವ್ನಾ ಅಂತೇನೆ” ಎಂದರು. ಸ್ವಲ್ಪ ದೂರ ನಡೆದ ಮೇಲೆ ಅವರೇ ಕೇಳಿದರು, “ನನ್ನನ್ನು ಲ್ಯುದ್ಕಾ ಅನ್ನುವವರು ಈಗ ಯಾರೂ ಉಳಿದಿಲ್ಲ. ನಿಮ್ಮನ್ನು ಬೊಬ್ಬಿ ಅನ್ನುವವರು ಇದ್ದಾರೆಯೇ?” ಅಣ್ಣ ಒಬ್ಬನಿದ್ದಾನೆ ಎಂದೆ. “ಹಾಗಾದರೆ ಇಲ್ಲಿ ಯಾಕೆ ನನ್ನನ್ನು ಕಾಡುತ್ತೀರಿ?” ಎಂದರು.

ಅಣ್ಣ ಇದ್ದಾನೆ, ಆದರೆ ಅವನೂ ಆ ಹೆಸರನ್ನು ಬಿಟ್ಟಿದ್ದ. ನನ್ನ ಮಗಳ ಮದುವೆಯಲ್ಲಿ ಬೀಗರ ಎದುರಿಗೆ ಬಾಯಿ ತಪ್ಪಿ ಬೊಬ್ಬಿ ಎಂದುಬಿಟ್ಟು, ಆಮೇಲೆ ನನ್ನನ್ನು ಮೂಲೆಗೆ ಕರೆದು, “ಇನ್ನು ಹಾಗೆ ಕರೆದ್ರೆ ಚಂದ ಅಲ್ಲ ಮಾರಾಯ್ತಿ” ಎಂದಿದ್ದ. ಅಂದಿನಿಂದ ಫೋನಿನಲ್ಲಿ ರೇಡಿಯೋ ವಾರ್ತೆಯ ಥರ, “ಭಾಗೀರಥಿ, ಸೌಖ್ಯವಾ? ಅಳಿಯಂದಿರು ಸೌಖ್ಯವಾ?” ಅಮ್ಮ ಹೋದ ಮೇಲೆ ಆ ಹೆಸರು ಉಳಿದಿದ್ದದ್ದು ಅವನ ಬಾಯಲ್ಲಿ ಮಾತ್ರ. ಅವನೂ ಬಿಟ್ಟರೆ ಬೊಬ್ಬಿ ಎಂಬವಳು ಈ ಲೋಕದಲ್ಲಿ ಇದ್ದಳು ಎನ್ನುವುದಕ್ಕೆ ಯಾರ ಸಾಕ್ಷಿ?

ಮೊದಲು ಮನೆಯಲ್ಲೇ ಪ್ರಯತ್ನಿಸಿದೆ. “ಒಂದ್ಸಲ ಬೊಬ್ಬಿ ಅಂತ ಜೋರಾಗಿ ಬೈರಿ” ಎಂದೆ. ನಮ್ಮ ಮನೆಯವರು ಮೈಸೂರಿನವರು, ಲ್ಯಾಪ್‌ಟಾಪಿನಿಂದ ತಲೆ ಎತ್ತಿ, “ಬೈತೀನಿ, ಏನ್ ತಪ್ಪು ಮಾಡಿದೀಯ ಹೇಳು” ಎಂದರು. ಕೇಳಿದ ತಕ್ಷಣ ಒಂದೂ ಹೊಳೆಯಲಿಲ್ಲ. “ಹಾಗಾದ್ರೆ ಮೀಟಿಂಗ್ ಮುಗೀಲಿ, ಯೋಚನೆ ಮಾಡಿರು” ಎಂದರು.

ಭಾನುವಾರ ಅಣ್ಣನಿಗೆ ಫೋನ್ ಮಾಡಿದೆ. ಹಾಗೆ ಕರಿ ಎಂದು ಕೇಳಿಕೊಂಡರೆ ಮತ್ತೆ ಅದೇ ಗಂಜಿ, ಅದು ತಾನಾಗಿ ಬರಬೇಕು. ಹಾಗಾಗಿ ಸಿಟ್ಟು ಬರಿಸಲು ಹೊರಟೆ. ಮನೆಯಲ್ಲಿ ದೇವರ ದೀಪ ಹಚ್ಚುವುದನ್ನೇ ಬಿಟ್ಟಿದ್ದೇನೆ ಎಂದೆ. “ಅಲ್ಲಿ ನಿಮಗೆ ಪುರುಸೊತ್ತು ಎಲ್ಲುಂಟು, ಪರವಾಗಿಲ್ಲ” ಎಂದ. ಈ ವರ್ಷ ಊರಿಗೆ ಬರುವುದಿಲ್ಲ ಎಂದೆ. “ನಿಮ್ಮ ಅನುಕೂಲ ನೋಡಿ” ಎಂದ. ನನ್ನನ್ನು, ಅವನ ಚಡ್ಡಿಗೆ ಇರುವೆ ಬಿಟ್ಟವಳನ್ನು, ಬಹುವಚನದಲ್ಲಿ ಕರೆದ. ಫೋನ್ ಇಟ್ಟುಬಿಡೋಣ ಅನ್ನಿಸಿತು. ಆಗ ಅವನೇ ಮರ್ಯಾದೆಗೆ, “ಇವತ್ತು ಎಂತ ಅಡುಗೆ?” ಎಂದು ಕೇಳಿದ.

“ಪತ್ರೊಡೆ” ಎಂದೆ. ಕೆಸುವಿನ ಎಲೆಗೆ ಅರೆದ ಅಕ್ಕಿ ಬಳಿದು, ಸುರುಳಿ ಸುತ್ತಿ, ಅಮ್ಮ ಹಬೆಯಲ್ಲಿ ಬೇಯಿಸುತ್ತಿದ್ದ ತಿಂಡಿ. ನಿಜಕ್ಕೂ ಅವತ್ತು ಮಾಡಿದ್ದದ್ದು ಬರೀ ಚಿತ್ರಾನ್ನ.

“ಓ, ಅಲ್ಲಿ ಕೆಸುವಿನ ಎಲೆ ಸಿಗ್ತದಾ?”

“ಇಲ್ಲ. ಚೀನಾದವರ ಬಾಕ್ ಚೊಯ್ ಅಂತ ಒಂದು ಸೊಪ್ಪು ಸಿಗ್ತದೆ, ಅದ್ರಲ್ಲೇ ಮಾಡಿದೆ.”

ಆಗ ಬಂತು. “ಬೊಬ್ಬೀ, ನಿಂಗೆ ಮಂಡೆ ಸಮ ಉಂಟಾ? ಪತ್ರೊಡೆ ಅಂದ್ರೆ ಎಂತ ಅಂತ ಗ್ರಹಿಸಿದ್ದೀ ನೀನು? ಅಮ್ಮ ಇದ್ದಿದ್ರೆ ಸೌಟಲ್ಲಿ ಬಾರಿಸ್ತಿದ್ರು. ಆ ಎಲೆ ಯಾವುದು, ಅದಕ್ಕೆ ಅರೆದ ಅಕ್ಕಿ ನಿಲ್ತದಾ, ಕತ್ತೆ…” ಧ್ವನಿ ಎಷ್ಟು ಜೋರಾಗಿತ್ತೆಂದರೆ ಒಳಗಿನಿಂದ ನಮ್ಮ ಮನೆಯವರು ಓಡಿ ಬಂದು, ನನ್ನ ಕಣ್ಣಲ್ಲಿ ನೀರು ನೋಡಿ, “ಯಾರಿಗೇನಾಯ್ತು?” ಎಂದು ಕೈಸನ್ನೆಯಲ್ಲಿ ಕೇಳಿದರು. ನಾನು ಅವರನ್ನು ಸುಮ್ಮನಿರಿಸಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ. ಅಷ್ಟರಲ್ಲಿ ಅಣ್ಣ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. ಎಲ್ಲಿ ಅವನ ಸಿಟ್ಟು ಇಳಿದುಬಿಡುತ್ತದೋ ಎಂದು ನನಗೆ ಹೆದರಿಕೆಯಾಯಿತು.

“ಬೇಯಿಸಿದ್ದು ಮೈಕ್ರೋವೇವಲ್ಲಿ, ಅಣ್ಣ” ಎಂದೆ.